ತಂಬೂರಿಯ ಹಿಂದೆ ಅಡಗಿದ್ದ ಸದ್ದು

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ, ರಾತ್ರಿ ಹೆದ್ದಾರಿಯ ಗದ್ದಲ ತಗ್ಗಿದ ಮೇಲೆ, ಆಲಾಪದ ನಡುವಿನ ಮೌನದಲ್ಲಿ ಸ್ಪೀಕರಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸುತ್ತಿತ್ತು. ಮೂರು ವಾರ ಅದರ ಬೆನ್ನು ಹತ್ತಿದ್ದೆ. ರೌಟರಿನಿಂದ ಸ್ಟ್ರೀಮರಿಗೆ, ಅಂದರೆ ಅಂತರ್ಜಾಲದಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆಗೆ, ಬಂದಿದ್ದ ಕೇಬಲ್ ಕಿತ್ತೊಡನೆ ಸದ್ದು ನಿಂತಿತು. ಮುಂಚೆಯೇ ತರಿಸಿಟ್ಟುಕೊಂಡ ಹಾಡಿನ ಭಾಗ ಬಫರಿನಲ್ಲಿ ಉಳಿದಿದ್ದಷ್ಟು ಹೊತ್ತು ಹಾಡು ಮಾತ್ರ ನುಡಿಯುತ್ತಲೇ ಇತ್ತು.

ಹಾಡಿನ ದತ್ತಾಂಶ ಕೆಟ್ಟಿರಲಿಲ್ಲ. ದಾರಿಯಲ್ಲಿ ಕಳೆದುಹೋದ ದತ್ತಾಂಶದ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಟಿಸಿಪಿ ಎಂಬ ಅಂತರ್ಜಾಲದ ನಿಯಮಾವಳಿ ಮತ್ತೆ ತರಿಸಿಕೊಳ್ಳುತ್ತದೆ. ತೊಂದರೆಯಿದ್ದದ್ದು ಲೋಹದ ದಾರಿಯಲ್ಲಿ. ಆ ಕೇಬಲ್ ಸಿಕ್ಕಿಸುವ ಈಥರ್ನೆಟ್ ಪೋರ್ಟಿನೊಳಗೆ 1500 ವೋಲ್ಟ್ ತಡೆಯಬಲ್ಲ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆಯಾದರೂ, ನಾನು ಹೆಚ್ಚು ದುಡ್ಡು ಕೊಟ್ಟು ತಂದಿದ್ದ ಶೀಲ್ಡ್ ಕೇಬಲ್ಲಿನ ಲೋಹದ ಹೊದಿಕೆಯು ಅವುಗಳನ್ನು ತಪ್ಪಿಸಿ, ಎರಡು ಕೋಣೆಗಳ ಅರ್ತಿಂಗನ್ನು ಒಂದಕ್ಕೊಂದು ಬೆಸೆದು, 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಗೆ ದಾರಿ ಮಾಡಿಕೊಟ್ಟಿತ್ತು.

ಲೋಹದ ಹೊದಿಕೆಯಿಲ್ಲದ, ಪ್ಲಾಸ್ಟಿಕ್ ತುದಿಯ ಸಾಮಾನ್ಯ ಕ್ಯಾಟ್ 6 ಕೇಬಲ್ ಹಾಕಿದಾಗಲೇ ಅದು ಅಡಗಿತು. ಆದರೂ ರೌಟರಿನ ಅಡಾಪ್ಟರಿನಿಂದ ಬರುವ ತೆಳುವಾದ ಚಿರಚಿರ ಉಳಿದಿತ್ತು. ಅದಕ್ಕಾಗಿ, ತಂತಿಯ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಎರಡು ಮೀಡಿಯಾ ಕನ್ವರ್ಟರುಗಳ ನಡುವೆ ಆಪ್ಟಿಕಲ್ ಫೈಬರ್ ಎಳೆದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಸ್ಟ್ರೀಮರಿನ ಪಕ್ಕದ ಕನ್ವರ್ಟರಿಗೆ ವಿದ್ಯುತ್ ಗದ್ದಲ ಕಡಿಮೆಯಿರುವ ಲೀನಿಯರ್ ಪವರ್ ಸಪ್ಲೈ ಕೊಟ್ಟಿದ್ದೇನೆ, ಇಲ್ಲವಾದರೆ ಅದರ ಅಡಾಪ್ಟರೇ ಹೊಸ ಸದ್ದನ್ನು ತರುತ್ತದೆ.

ಮೌನಕ್ಕಾಗಿ ಇಷ್ಟು ಶ್ರಮವೇ ಎಂದು ಗೆಳೆಯರು ಕೇಳುತ್ತಾರೆ. ಎರಡು ಸ್ವರಗಳ ನಡುವಿನ ಆ ಬಿಡುವಿನಲ್ಲೇ ನನಗೆ ರಾಗದ ಅರ್ಧ ಜೀವವಿದೆ. ನಿನ್ನೆ ರಾತ್ರಿ ತಂಬೂರಿಯ ಕೊನೆಯ ತಂತಿ ಆರುವವರೆಗೂ ಕೂತು ಕೇಳಿದ ಅಮ್ಮ, "ಆಫ್ ಮಾಡಿಬಿಟ್ಯೇನಪ್ಪಾ?" ಎಂದರು.