ಕ್ಲೋನಿಸ್‌ಗೆ ಅಲ್ಸ್ಟರ್ ಫೈನಲ್ ನೋಡಲು ಹೊರಟವರೇ, ವಾಪಸ್ ಬರುವ ದಾರಿ ಮೊದಲು ನೋಡಿಕೊಳ್ಳಿ

ಡಬ್ಲಿನ್‌ನಲ್ಲಿರುವ ನಮ್ಮವರಿಗೆ ಗೇಲಿಕ್ ಫುಟ್‌ಬಾಲ್ ಅಂದರೆ ಕ್ರೋಕ್ ಪಾರ್ಕ್ ಮೈದಾನ ಅಷ್ಟೇ. ಊರೊಳಗೇ ಇದೆ, ಬಸ್ಸಿದೆ, ಮಳೆ ಬಂದರೆ ತಲೆ ಮೇಲೆ ಸೂರಿದೆ. ಹೋಗಿ ಬನ್ನಿ, ಬೇಡ ಅನ್ನಲ್ಲ. ಆದರೆ ಈ ಆಟದ ಹುಚ್ಚು ನೋಡಬೇಕು ಅಂದರೆ ಮೇ ತಿಂಗಳಲ್ಲಿ ಮೊನಹನ್ ಕೌಂಟಿಯ ಕ್ಲೋನಿಸ್‌ಗೆ ಹೋಗಬೇಕು. ಎರಡು ಸಾವಿರ ಜನರ ಆಸುಪಾಸಿನ ಊರು. ಸೇಂಟ್ ಟಿಯರ್ನಾಕ್ಸ್ ಪಾರ್ಕ್ ಅನ್ನುವ ಅಲ್ಲಿನ ಮೈದಾನ ಹಿಡಿಯುವುದು ಸುಮಾರು 29 ಸಾವಿರ ಜನ. ಅಲ್ಸ್ಟರ್ ಅಂದರೆ ಐರ್ಲೆಂಡಿನ ಉತ್ತರದ ಪ್ರಾಂತ್ಯ; ಅಲ್ಲಿನ ಕೌಂಟಿಗಳ ಪಂದ್ಯಾವಳಿಯ ಫೈನಲ್ ದಿನ ಅಷ್ಟೂ ಜನ ಒಂದೇ ಮಧ್ಯಾಹ್ನ ಬಂದು ಇಳಿಯುತ್ತಾರೆ. ಹೋಗುವುದಕ್ಕೇನೂ ತೊಂದರೆ ಇಲ್ಲ. ತೊಂದರೆ ಇರುವುದೆಲ್ಲ ವಾಪಸ್ ಬರುವಾಗ.

ನಾನು ಹೋಗಿದ್ದು 2025ರ ಮೇ 10ರ ಶನಿವಾರ, ಡೊನೆಗಾಲ್ ಮತ್ತು ಅರ್ಮಾ ಕೌಂಟಿಗಳ ನಡುವಿನ ಫೈನಲ್‌ಗೆ. ಜೊತೆಗೆ ಮೈಸೂರಿನಿಂದ ಬಂದಿದ್ದ ನನ್ನ ಭಾವ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಡೊನೆಗಾಲ್ ಹುಡುಗ ಅವನ ಕ್ಲಬ್ ಕಡೆಯಿಂದ ಎರಡು ಟಿಕೆಟ್ ಕೊಡಿಸಿದ್ದ. ಇದನ್ನು ತಿಳಿದಿರಿ: ಫೈನಲ್ ಟಿಕೆಟ್ ಜಾಸ್ತಿ ಹೋಗುವುದು ಊರೂರಿನ ಕ್ಲಬ್‌ಗಳಿಗೆ. ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ಕಾಲ ಮುಗಿದಿದೆ. ಆಫೀಸಲ್ಲೋ ಆಸ್ಪತ್ರೆಯಲ್ಲೋ ಜೊತೆಗೆ ಕೆಲಸ ಮಾಡುವ ಅಲ್ಸ್ಟರ್‌ನವರು ಯಾರಾದರೂ ಇದ್ದರೆ ಏಪ್ರಿಲ್‌ನಲ್ಲೇ ಕಿವಿಗೆ ಹಾಕಿಡಿ. ಅವರಿಗೆ ಖುಷಿಯೇ ಆಗುತ್ತದೆ.

ಕ್ಲೋನಿಸ್‌ಗೆ ರೈಲಿಲ್ಲ. ಒಂದು ಕಾಲಕ್ಕೆ ದೊಡ್ಡ ಜಂಕ್ಷನ್ ಆಗಿತ್ತಂತೆ. 1957ರಲ್ಲಿ ಪ್ರಯಾಣಿಕರ ರೈಲು ನಿಲ್ಲಿಸಿದರು, ಮತ್ತೆ ಬರಲೇ ಇಲ್ಲ. ಹಾಗಾಗಿ ನಾವು ಮ್ಯಾಚಿಗೆಂದೇ ಡಬ್ಲಿನ್‌ನಿಂದ ಹೊರಡುತ್ತಿದ್ದ ಒಂದು ಖಾಸಗಿ ಮಿನಿಬಸ್‌ನಲ್ಲಿ ಸೀಟು ಹಿಡಿದೆವು. ಹೋಗಿ ಬರಲು ತಲೆಗೆ 45 ಯೂರೋ. ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿದ್ದೆ, ‘ಯಾವ ರಸ್ತೆಯಲ್ಲಿ ಹೋಗ್ತೀರಿ?’ ಅಂತ. ‘ಮೊನಹನ್ ಮೇಲೆ’ ಅಂದಿದ್ದರು. ಯಾಕೆ ಕೇಳಿದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ಪಾಸ್‌ಪೋರ್ಟಿನವರಿಗೆ ಇದು ಮುಖ್ಯ.

ಡಬ್ಲಿನ್‌ನಿಂದ ಕ್ಲೋನಿಸ್‌ಗೆ ಎರಡು ದಾರಿ. ಒಂದು ಎನ್2, ಅಂದರೆ ಆರ್ಡೀ, ಕ್ಯಾರಿಕ್‌ಮಕ್ರಾಸ್, ಕಾಸಲ್‌ಬ್ಲೇನಿ, ಮೊನಹನ್ ಟೌನ್, ಅಲ್ಲಿಂದ ಎಡಕ್ಕೆ ಇಪ್ಪತ್ತು ಕಿಲೋಮೀಟರ್. ಈ ದಾರಿ ಪೂರ್ತಿ ಐರ್ಲೆಂಡ್ ಗಣರಾಜ್ಯದ ಒಳಗೇ ಇದೆ. ಇನ್ನೊಂದು ಕ್ಯಾವನ್ ಕಡೆಯಿಂದ. ಬಟ್ಲರ್ಸ್‌ಬ್ರಿಜ್ ದಾಟಿದ ಮೇಲೆ ಸಿಗುವ ಆ ರಸ್ತೆ ಕ್ಲೋನಿಸ್ ಮುಟ್ಟುವುದರೊಳಗೆ ನಾಲ್ಕು ಸಲ ಗಡಿ ದಾಟುತ್ತದೆ. ಇಲ್ಲಿ ಅದರ ಹೆಸರು ಎನ್54, ಆಚೆ ಹೋದ ಕೂಡಲೇ ಎ3. ಆಚೆ ಅಂದರೆ ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್. ಐಆರ್‌ಪಿ ಕಾರ್ಡ್, ಅಂದರೆ ಐರಿಷ್ ವಾಸದ ಪರವಾನಗಿ, ಇಟ್ಟುಕೊಂಡು ಇಲ್ಲಿ ಬದುಕುತ್ತಿರುವ ಭಾರತೀಯರು ಆ ಕಡೆ ಕಾಲಿಡಬೇಕಾದರೆ ಬ್ರಿಟನ್ ವೀಸಾ ಬೇಕು. ಗಡಿಯಲ್ಲಿ ಗೇಟಿಲ್ಲ, ಚೌಕಿಯಿಲ್ಲ, ಯಾರೂ ತಡೆಯಲ್ಲ. ಆದರೆ ಬಸ್ ನಿಲ್ಲಿಸಿ ಕಾಗದ ನೋಡುವುದು ಆಗೊಮ್ಮೆ ಈಗೊಮ್ಮೆ ಇದ್ದೇ ಇದೆ. ಮುಂದೆ ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವವರು ಸುಮ್ನೆ ಯಾಕೆ ತಲೆನೋವು ತಂದುಕೊಳ್ಳಬೇಕು?

ನಮ್ಮ ಡ್ರೈವರ್ ಎನ್2ನಲ್ಲಿ ಟ್ರಾಫಿಕ್ ಜಾಸ್ತಿ ಅಂತ ಯಾರನ್ನೂ ಕೇಳದೆ ಕ್ಯಾವನ್ ಕಡೆ ತಿರುಗಿಸಿದ. ನಾನು ಮುಂದೆ ಹೋಗಿ ಹೇಳಿದೆ. ‘ಇಲ್ಲಿ ಯಾರೂ ನೋಡಲ್ಲ’ ಅಂದ. ಮುಂದಿನ ಕಾಲು ಗಂಟೆ ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ರಸ್ತೆಯ ಅಂಚಿನ ಹಳದಿ ಗೆರೆ ಬಿಳಿ ಆಯಿತು, ಅಂದರೆ ಬ್ರಿಟನ್. ಸ್ವಲ್ಪ ಹೊತ್ತಿಗೆ ಮತ್ತೆ ಹಳದಿ. ಮತ್ತೆ ಬಿಳಿ. ಕಿಲೋಮೀಟರ್ ಬೋರ್ಡು ಹೋಗಿ ಮೈಲಿ ಬೋರ್ಡು ಬಂತು. ಫೋನಿಗೆ ಸ್ವಾಗತದ ಮೆಸೇಜು ಮೇಲಿಂದ ಮೇಲೆ. ಹಸು, ಬೇಲಿ, ಹುಲ್ಲು ಎಲ್ಲ ಅದೇ. ತಮಾಷೆ ಏನೆಂದರೆ ಪ್ರವಾಸಕ್ಕೆ ಬಂದ ಭಾವನ ಐರಿಷ್ ವೀಸಾ ಮೇಲೆ ಬಿಐವಿಎಸ್ ಅಂತ ಮುದ್ರೆ ಇತ್ತು. ಆ ಮುದ್ರೆ ಇದ್ದರೆ ಬ್ರಿಟನ್‌ಗೂ ಹೋಗಬಹುದು. ವರ್ಷಗಟ್ಟಲೆ ಇಲ್ಲಿ ತೆರಿಗೆ ಕಟ್ಟುವ ನನಗೆ ಇಲ್ಲ. ‘ನೀನು ಬೇಕಾದ್ರೆ ಇಳಿದು ನಡ್ಕೊಂಡು ಬಾಪ್ಪ, ನಾನು ಕೂತಿರ್ತೀನಿ’ ಅಂದರು ಭಾವ. ಭಾರತದಿಂದ ಅಪ್ಪ ಅಮ್ಮ ಬರುವುದಿದ್ದರೆ ಅವರ ವೀಸಾ ಮೇಲೆ ಆ ಮುದ್ರೆ ಇದೆಯಾ ನೋಡಿಕೊಳ್ಳಿ. ಸ್ವಂತ ಕಾರಿನಲ್ಲಿ ಹೋಗುವವರು ಮ್ಯಾಪ್ ಹೇಳಿದ ಹಾಗೆ ಕಣ್ಣು ಮುಚ್ಚಿ ಹೋಗಬೇಡಿ. ಅದಕ್ಕೆ ನಿಮ್ಮ ವೀಸಾ ಗೊತ್ತಿಲ್ಲ.

ಊರು ಸೇರಿದಾಗ ಹನ್ನೆರಡೂವರೆ. ಮ್ಯಾಚು ಸಂಜೆಗೆ. ಇಷ್ಟು ಬೇಗ ಬಂದು ಏನು ಮಾಡುವುದು ಅಂತ ಭಾವನ ಮುಖ ಸಣ್ಣಗಾಯಿತು. ಆದರೆ ನನ್ನ ಮಾತು ಕೇಳಿ, ಇಲ್ಲಿಗೆ ಬೇಗ ಹೋಗುವುದೇ ಸರಿ. ತಡವಾಗಿ ಬಂದವರು ಊರಾಚೆ ಎರಡು ಮೂರು ಕಿಲೋಮೀಟರ್ ದೂರದ ಹೊಲದಲ್ಲಿ ಕಾರು ನಿಲ್ಲಿಸಿ ನಡೆದು ಬರುತ್ತಿದ್ದರು. ಇನ್ನೊಂದು ಕಾರಣ ಊಟ.

ಚೌಕದ ಸುತ್ತ ಮತ್ತು ಫರ್ಮನಾ ಸ್ಟ್ರೀಟ್ ಉದ್ದಕ್ಕೂ ಬರ್ಗರ್ ವ್ಯಾನುಗಳು. ಒಂದು ತಟ್ಟೆ ಚಿಪ್ಸ್‌ಗೆ ಏಳು ಯೂರೋ, ಅದೂ ಅರ್ಧ ಹಸಿ. ಅಲ್ಲಿ ತಿನ್ನಬೇಡಿ. ಮೈದಾನದ ಕಡೆ ಏರುವ ಮೊದಲು ಒಂದು ಹಾಲ್ ಸಿಗುತ್ತದೆ. ಬಾಗಿಲಿಗೆ ಕೈಯಲ್ಲಿ ಬರೆದ ‘ಟೀ ಸ್ಯಾಂಡ್‌ವಿಚ್’ ರಟ್ಟು ಅಂಟಿಸಿರುತ್ತಾರೆ. ಊರಿನ ಹೆಂಗಸರೇ ನಡೆಸುತ್ತಾರೆ. ಉದ್ದ ಮೇಜು, ಮೇಲೆ ಪೇಪರ್ ಹಾಸು, ಎದುರುಬದುರು ಬೆಂಚು; ಥೇಟ್ ನಮ್ಮ ಮದುವೆ ಮನೆ ಪಂಕ್ತಿ. ಆರು ಯೂರೋ ಕೊಟ್ಟು ಕೂತರೆ ಸಾಕು, ತಟ್ಟೆ ಖಾಲಿಯಾಗಲು ಬಿಡಲ್ಲ. ಮೊಟ್ಟೆ ಈರುಳ್ಳಿ ಸ್ಯಾಂಡ್‌ವಿಚ್ಚು, ಬೆಣ್ಣೆ ಸವರಿದ ಕಂದು ಬ್ರೆಡ್ಡು, ಒಣದ್ರಾಕ್ಷಿ ಹಾಕಿದ ಸ್ಕೋನು, ಆಪಲ್ ಟಾರ್ಟು. ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಸ್ಟೀಲ್ ಕೆಟಲ್‌ನಿಂದ ಟೀ. ಡಬ್ಲಿನ್ ಕೆಫೆಗಳ ಬಿಸಿನೀರು ಅಲ್ಲ, ಕಡಕ್ ಟೀ. ಭಾವನಿಗೆ ಮೊಟ್ಟೆಯೂ ಆಗಲ್ಲ. ನಾನು ಅದನ್ನು ಹೇಳಿದ್ದೇ ತಡ, ಒಬ್ಬ ಅಜ್ಜಿ ಒಳಗೆ ಹೋಗಿ ಚೀಸು ಟೊಮೆಟೊ ಈರುಳ್ಳಿ ಇಟ್ಟು ಬ್ರೆಡ್ ಸುಟ್ಟು ತಂದರು. ತಟ್ಟೆ ಇಟ್ಟು ಪಕ್ಕದಲ್ಲೇ ನಿಂತರು, ತಿನ್ನುವ ತನಕ. ‘ಇವರಿಗೆ ನಮ್ಮತ್ತೆ ಪರಿಚಯ ಇದೆಯಾ’ ಅಂತ ಭಾವ ನನ್ನ ಕಿವಿಯಲ್ಲಿ ಕೇಳಿದರು. ಮೂರನೇ ಸಲ ಟೀ ಹಾಕಿಸಿಕೊಂಡರು. ಹೊರಡುವಾಗ ಇನ್ನೂ ಎರಡು ಸ್ಕೋನು ಕಾಗದದಲ್ಲಿ ಸುತ್ತಿ ಕೊಟ್ಟರು, ದುಡ್ಡು ತೊಗೊಳ್ಳಲಿಲ್ಲ. ಮೂರು ಗಂಟೆ ಮೇಲೆ ಆಪಲ್ ಟಾರ್ಟ್ ಮುಗಿದಿರುತ್ತದೆ, ಅದಕ್ಕೂ ಮೊದಲೇ ಹೋಗಿ. ಕಾರ್ಡ್ ನಡೆಯಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಇನ್ನು ಬಿಸಿಲು. ಐರ್ಲೆಂಡ್ ಅಲ್ವಾ, ನಾವು ರೇನ್‌ಕೋಟು, ಒಳಗೆ ಥರ್ಮಲ್ಲು, ಉಣ್ಣೆ ಟೊಪ್ಪಿ ಎಲ್ಲ ಹೇರಿಕೊಂಡು ಹೋಗಿದ್ದೆವು. 2025ರ ವಸಂತ ಇಲ್ಲಿನ ಹವಾಮಾನ ಇಲಾಖೆಯ ದಾಖಲೆಯಲ್ಲೇ ಅತಿ ಬೆಚ್ಚಗಿನದು. ನಮ್ಮ ಟಿಕೆಟ್ ‘ಹಿಲ್’ನದು, ಅಂದರೆ ನಿಂತು ನೋಡುವ ಮೆಟ್ಟಿಲು. ಮೇಲೆ ಸೂರಿಲ್ಲ, ನೆರಳಿಲ್ಲ. ಮಧ್ಯಾಹ್ನದಿಂದ ಬಿಸಿಲಿನಲ್ಲಿ ನಿಂತು ಮೈಸೂರಿನ ಮನುಷ್ಯನ ಮೂಗಿನ ತುದಿ ಐರ್ಲೆಂಡಿನಲ್ಲಿ ಸುಟ್ಟುಹೋಯಿತು. ಮಳೆ ಬಂದರೂ ಕಷ್ಟವೇ, ಕೊಡೆ ಬಿಚ್ಚಿದರೆ ಹಿಂದಿನವರು ಸುಮ್ನಿರಲ್ಲ. ರೇನ್‌ಕೋಟೂ ಇರಲಿ, ಅಂಚಿರುವ ಟೊಪ್ಪಿಯೂ ಇರಲಿ. ನಾಲ್ಕೈದು ಗಂಟೆ ನಿಲ್ಲಲಾಗದವರು ಸ್ಟ್ಯಾಂಡ್ ಟಿಕೆಟೇ ತೊಗೊಳ್ಳಿ. ನನಗೆ ಹಿಲ್ಲೇ ಇಷ್ಟ. ಎರಡು ಕಡೆಯವರಿಗೆ ಬೇರೆ ಬೇರೆ ಜಾಗ ಅಂತ ಇಲ್ಲ. ಹಳದಿ ಹಸಿರು ಡೊನೆಗಾಲ್ ಪಕ್ಕದಲ್ಲೇ ಕಿತ್ತಳೆ ಅರ್ಮಾ. ಪೊಲೀಸರು ನಡುವೆ ನಿಲ್ಲುವ ಪ್ರಶ್ನೆಯೇ ಇಲ್ಲ.

ಆಟ ಗೊತ್ತಿಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಹಿಡಿತ ಸಿಗುತ್ತದೆ. ಒಂದೊಂದು ಕಡೆ ಹದಿನೈದು ಜನ. ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಪಾಯಿಂಟ್, ಹಸಿರು ಬಾವುಟ. ಅಡ್ಡಕಂಬಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಬಿಳಿ ಬಾವುಟ. 2025ರಿಂದ 40 ಮೀಟರ್ ಗೆರೆಯ ಆಚೆಯಿಂದ ಹೊಡೆದದ್ದಕ್ಕೆ ಎರಡು ಪಾಯಿಂಟ್, ಕಿತ್ತಳೆ ಬಾವುಟ. ಆಡುವವರಲ್ಲಿ ಯಾರಿಗೂ ಸಂಬಳವಿಲ್ಲ. ಮೇಷ್ಟ್ರು, ಎಂಜಿನಿಯರು, ರೈತರು ಸೋಮವಾರ ಕೆಲಸಕ್ಕೆ ಹೋಗುವವರು.

ಈಗ ಮಿನಿಬಸ್ ವಿಷಯ. ಇದಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕೂತಿದ್ದು. ಅಲ್ಸ್ಟರ್ ಫೈನಲ್ 2022ರಲ್ಲಿ ಎಕ್ಸ್‌ಟ್ರಾ ಟೈಮ್‌ಗೆ ಹೋಗಿತ್ತು. 2023ರಲ್ಲೂ ಹೋಗಿ ಪೆನಾಲ್ಟಿಯಲ್ಲಿ ಮುಗಿಯಿತು. 2024ರಲ್ಲೂ ಅದೇ ಕಥೆ. ಅಂಥ ಮ್ಯಾಚಿಗೆ ಬಸ್ ಬಿಡುವವರು ಮಾಮೂಲಿ ಆಟದ 70 ನಿಮಿಷಕ್ಕೆ ಅರ್ಧ ಗಂಟೆ ಸೇರಿಸಿ ಹೊರಡುವ ಸಮಯ ಹಾಕಿದ್ದಾರೆ! ‘ಎಕ್ಸ್‌ಟ್ರಾ ಟೈಮ್ ಆದರೆ ಕಾಯ್ತೀರಾ?’ ಅಂತ ಇಳಿಯುವಾಗ ಕೇಳಿದೆವು. ‘ಕಾಯದೆ ಇನ್ನೇನು’ ಅಂದ ಡ್ರೈವರ್. 2025ರಲ್ಲೂ ಎಕ್ಸ್‌ಟ್ರಾ ಟೈಮ್ ಬಂತು. ಕೊನೆಗೆ ಡೊನೆಗಾಲ್ 2-23, ಅರ್ಮಾ 0-28. ಗೋಲನ್ನು ಮೂರಕ್ಕೆ ಗುಣಿಸಿ ಕೂಡಿದರೆ 29ಕ್ಕೆ 28, ಒಂದೇ ಪಾಯಿಂಟು. ಹಿಲ್ ಮೇಲೆ ಯಾರು ಯಾರನ್ನು ತಬ್ಬಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗದ ಸ್ಥಿತಿ. ನನ್ನ ಬೆನ್ನ ಮೇಲೊಬ್ಬ ಟೀ ಚೆಲ್ಲಿದ. ಜನರ ನಡುವೆ ನೂಕಿಕೊಂಡು ಕೆಳಗಿಳಿದು ಬಂದರೆ ಬಸ್ಸಿದ್ದ ಜಾಗದಲ್ಲಿ ಬಸ್ಸಿಲ್ಲ. ಫೋನ್ ಮಾಡಿದರೆ ‘ಸೀಟು ತುಂಬಿತು, ಹೊರಟೆವು’ ಅಂದರು. ಹೇಗೆ ತುಂಬಿತು ಅಂದರೆ, ರಸ್ತೆಯಲ್ಲಿ ಕೈ ತೋರಿಸಿದವರನ್ನು ದುಡ್ಡಿಗೆ ಹತ್ತಿಸಿಕೊಂಡಿದ್ದಾರೆ. ನಮ್ಮ ದುಡ್ಡು ಇವತ್ತಿನ ತನಕ ವಾಪಸ್ ಬಂದಿಲ್ಲ.

ಕ್ಲೋನಿಸ್‌ನಲ್ಲಿ ಆ ರಾತ್ರಿ ರೂಮು ಸಿಗುವ ಮಾತೇ ಇಲ್ಲ. ರಸ್ತೆ ಬದಿಯಲ್ಲಿ ಫೋನ್ ಹಿಡಿದು ನಿಂತಿದ್ದಾಗ ಅರ್ಮಾಕ್ಕೆ ವಾಪಸ್ ಹೊರಟಿದ್ದ ಗಂಡ ಹೆಂಡತಿ ಕಾರು ನಿಲ್ಲಿಸಿದರು. ಮೊನಹನ್ ಟೌನ್ ಅವರ ದಾರಿಯಲ್ಲೇ ಬರುತ್ತದೆ, ಗಡಿಗೆ ಈಚೆಯೇ ನಮ್ಮನ್ನು ಇಳಿಸಬಹುದು. ನನ್ನ ತಲೆ ಮೇಲೆ ಆಫೀಸಿನ ಹುಡುಗ ಹಾಕಿಸಿದ್ದ ಡೊನೆಗಾಲ್ ಟೊಪ್ಪಿ. ಮೆಲ್ಲಗೆ ಜೇಬಿಗೆ ತುರುಕಿದೆ. ಅವರು ಅರ್ಮಾದವರು, ಮೂರು ವರ್ಷ ಸತತ ಫೈನಲ್ ಸೋತವರು. ಮ್ಯಾಚಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಇಪ್ಪತ್ತು ಕಿಲೋಮೀಟರೂ ಹವಾಮಾನವೇ. ಮೇನಲ್ಲಿ ಮೈಸೂರಿನಲ್ಲಿ ಮಳೆ ಬರುತ್ತಾ, ಎಷ್ಟು ದಿನ ಬರುತ್ತಾ, ಹುಲ್ಲು ಯಾವಾಗ ಕೊಯ್ತೀರಿ. ಭಾವ ಮುಂಗಾರು, ಹಿಂಗಾರು, ಆಲಿಕಲ್ಲು, ಮಾವಿನ ಹೂವು ಉದುರುವ ಮಳೆ ಎಲ್ಲ ಬಿಡಿಸಿ ಹೇಳಿದರು. ಆ ಮನುಷ್ಯನ ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಕೆಂಪಾಗಿ ಅವನ ಕಿತ್ತಳೆ ಅಂಗಿಯ ಕಾಲರಿಗಿಂತ ಜಾಸ್ತಿ ಹೊಳೆಯುತ್ತಿತ್ತು.

ಮೊನಹನ್‌ನಲ್ಲಿ ಒಂದೇ ರೂಮು ಖಾಲಿ. ಬಾರಿನ ಮೇಲಿನ ಮಹಡಿ, 210 ಯೂರೋ. ಮಾಮೂಲಿ ದಿನಕ್ಕೆ ಅದರ ಅರ್ಧವೂ ಇಲ್ಲ ಅಂತ ಆಮೇಲೆ ನೋಡಿದೆ. ಷವರ್‌ನಲ್ಲಿ ಬಿಸಿನೀರು ಎರಡು ನಿಮಿಷ, ಕಿಟಕಿ ಪೂರ್ತಿ ಮುಚ್ಚಲ್ಲ, ಕೆಳಗೆ ಎರಡು ಗಂಟೆ ತನಕ ಹಾಡು. ಭಾವ ಆ ಗಲಾಟೆಯಲ್ಲೂ ಗೊರಕೆ ಹೊಡೆದರು. ನನಗೆ ಆಗಲಿಲ್ಲ. ಜನರ ನಡುವೆ ಆರು ಗಂಟೆ ನಿಲ್ಲಬಲ್ಲೆ, ಮಂಚದ ಕೆಳಗೆ ಡ್ರಮ್ ಬಾರಿಸಿದರೆ ತಡೆಯಲಾರೆ. ಭಾನುವಾರದ ಬಗ್ಗೆ ಹೇಳುವಂಥದ್ದೇನಿಲ್ಲ.

ಹೋಗುವವರಿಗೆ ನನ್ನ ಸಲಹೆ: ಕಾರಿದ್ದರೆ ಕಾರು, ಎನ್2 ರಸ್ತೆ, ಮೊನಹನ್ ಕಡೆ ಮುಖ ಮಾಡಿ ನಿಲ್ಲಿಸುವ ಜಾಗ. ಕಾರಿಲ್ಲದಿದ್ದರೆ ಡಬ್ಲಿನ್‌ನಿಂದ ಲೆಟರ್‌ಕೆನಿಗೆ ಹೋಗುವ ಮಾಮೂಲಿ ಬಸ್ಸು ಮೊನಹನ್‌ನಲ್ಲಿ ನಿಲ್ಲುತ್ತದೆ. ಮೊನಹನ್‌ನಲ್ಲೇ ಇಳಿಯಿರಿ, ಮುಂದೆ ಹೋದರೆ ಅದೂ ಗಡಿ ದಾಟುತ್ತದೆ. ರೂಮು ಮಾರ್ಚ್‌ನಲ್ಲೇ ಹಿಡಿಯಿರಿ, ದುಡ್ಡು ವಾಪಸ್ ಸಿಗುವಂಥದ್ದು. ಖಾಸಗಿ ಬಸ್ಸೇ ಆಗಬೇಕು ಅಂದರೆ ಎಕ್ಸ್‌ಟ್ರಾ ಟೈಮು, ಪೆನಾಲ್ಟಿ ಎರಡಕ್ಕೂ ಕಾಯುತ್ತೇವೆ ಅಂತ ಬರಹದಲ್ಲಿ ತೊಗೊಳ್ಳಿ, ಮೆಸೇಜ್ ಆದರೂ ಸರಿ. ಡ್ರೈವರ್ ಮಾತಿಗೆ ಬೆಲೆ ಕೊಡಬೇಡಿ. ಸಣ್ಣ ಮಕ್ಕಳಿದ್ದರೆ ಫೈನಲ್ ಬೇಡ, ಅದಕ್ಕೂ ಮುಂಚಿನ ಸುತ್ತಿನ ಮ್ಯಾಚಿಗೆ ಕರೆದುಕೊಂಡು ಹೋಗಿ. ಜನ ಕಡಿಮೆ, ಟಿಕೆಟ್ ಸುಲಭ, ಮುಗಿದ ಮೇಲೆ ಮಕ್ಕಳನ್ನು ಮೈದಾನದೊಳಗೆ ಓಡಾಡಲು ಬಿಟ್ಟರೆ ಆಟಗಾರರೇ ನಿಂತು ಟೊಪ್ಪಿಗೆ ಸಹಿ ಹಾಕಿ ಕೊಡುತ್ತಾರೆ. ಪೆನ್ನು ಮಾತ್ರ ನೀವೇ ಒಯ್ಯಬೇಕು.