ಹತ್ತು ಲಕ್ಷದಲ್ಲಿ ಒಂದು ಸಹಿ

ಹೋದ ಶನಿವಾರ ಪಕ್ಕದ ಮನೆಯ ಅಜ್ಜ ಬೇಲಿಯ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ದಾಟಿಸಿದರು. ಗಂಡ ಹೆಂಡತಿ ಇಬ್ಬರೂ ಮಗಳ ಊರಿನ ಹತ್ತಿರ ಸಣ್ಣ ಮನೆಗೆ ಹೋಗುವವರಿದ್ದಾರೆ, ಗ್ಯಾರೇಜು ಖಾಲಿಯಾಗುತ್ತಿದೆ. ಪೆಟ್ಟಿಗೆಯ ತುಂಬ ಬಿಬಿಸಿ ಟೀವಿಯ ಕಾರು ಕಾರ್ಯಕ್ರಮ ‘ಟಾಪ್ ಗೇರ್’ನ ಡಿವಿಡಿ.

“ನಮ್ಮಲ್ಲಿ ಇದನ್ನು ಹಾಕುವ ಮಿಷನ್ನೇ ಇಲ್ಲವಲ್ಲ” ಅಂದೆ. ಒಳಗೆ ಹೋಗಿ ಅದನ್ನೂ ತಂದು, ವೈರು ಸುತ್ತಿ ಪೆಟ್ಟಿಗೆಯ ಮೇಲಿಟ್ಟರು. “ಇಟ್ಟುಕೊಳ್ಳಿ. ಇದರಲ್ಲಿ ಇರುವವರು ಅಸಲಿ ಮೂವರು. ಆಮೇಲೆ ಬಂದವರೆಲ್ಲ ಬಾಡಿಗೆಯವರು.”

ಅಡುಗೆಮನೆಯ ಕಿಟಕಿಯಿಂದ ಅಜ್ಜಿಯ ದನಿ ಬಂತು: “ಅಸಲಿ ಅಂದರೆ ಆಂಜೆಲಾ ರಿಪ್ಪನ್!”

ಅಜ್ಜ ಇಲ್ಲೇ ಇಂಗ್ಲೆಂಡಿನ ಕವೆಂಟ್ರಿಯ ಬ್ರೌನ್ಸ್ ಲೇನಿನಲ್ಲಿ ಜಾಗ್ವಾರ್ ಕಾರು ಜೋಡಿಸುತ್ತಿದ್ದವರು. 2008ರಲ್ಲಿ ಟಾಟಾದವರು ಜಾಗ್ವಾರ್ ಲ್ಯಾಂಡ್ ರೋವರನ್ನು ಕೊಂಡರಲ್ಲ, ಅಂದಿನಿಂದ ಆ ಕಂಪನಿಯ ಯಾವ ಕಾರು ಎಲ್ಲಿ ಕೆಟ್ಟು ನಿಂತರೂ ನನ್ನನ್ನೇ ಹೊಣೆ ಮಾಡುತ್ತಾರೆ. ನಾನು ಕೆಲಸ ಮಾಡುವುದು ಬೇರೆ ಕಡೆ ಎಂದು ಎಷ್ಟು ಸಲ ಹೇಳಿದರೂ ಅಷ್ಟೆ.

ಅಜ್ಜಿ ಹೇಳಿದ್ದು ಸುಳ್ಳಲ್ಲ. 1977ರಲ್ಲಿ ಬಿಬಿಸಿಯ ಬರ್ಮಿಂಗ್‌ಹ್ಯಾಮ್ ಕೇಂದ್ರ ‘ಟಾಪ್ ಗೇರ್’ ಅನ್ನು ತನ್ನ ಸೀಮೆಗಷ್ಟೇ ಎಂದು ಶುರುಮಾಡಿದಾಗ, ವಾರ್ತೆ ಓದುತ್ತಿದ್ದ ಆಂಜೆಲಾ ರಿಪ್ಪನ್ ಮೊದಲ ನಿರೂಪಕರಲ್ಲಿ ಒಬ್ಬರು. ಯಾವ ಕಾರು ಕೊಳ್ಳಬೇಕು, ರಸ್ತೆಯಲ್ಲಿ ಹುಷಾರಾಗಿರುವುದು ಹೇಗೆ ಅಂತ ನಮ್ಮ ಆಕಾಶವಾಣಿಯ ಕೃಷಿರಂಗದ ಹದದ ಕಾರ್ಯಕ್ರಮ. 2001ರಲ್ಲಿ ಅದು ನಿಂತೇ ಹೋಗಿತ್ತು. ಮರುವರ್ಷ ಸರ್ರೆಯ ಡನ್ಸ್‌ಫೋಲ್ಡ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ ಹೊಸ ವೇಷ ಕಟ್ಟಿ ಕುಣಿಸಿದರು. ಜೆರೆಮಿ ಕ್ಲಾರ್ಕ್‌ಸನ್, ರಿಚರ್ಡ್ ಹ್ಯಾಮಂಡ್, ಮತ್ತೆ ಮೂರನೆಯವರು? ಜೇಮ್ಸ್ ಮೇ ಅಲ್ಲ, ಜೇಸನ್ ಡಾ ಎಂಬೊಬ್ಬರು. ಒಂದೇ ಸರಣಿ. 2003ರಲ್ಲಿ ಅವರ ಜಾಗಕ್ಕೆ ಮೇ ಬಂದರು. ಅಂದರೆ ಅಜ್ಜನ ಅಸಲಿ ಮೂವರಲ್ಲಿ ಒಬ್ಬರು ಬದಲಿಗೆ ಬಂದವರೇ. ಇದನ್ನು ನಾನು ಅಜ್ಜನಿಗೆ ಹೇಳಲು ಹೋಗಲಿಲ್ಲ, ಮನೆ ಖಾಲಿ ಮಾಡುವವರ ಹತ್ತಿರ ವಾದ ಎಂಥದ್ದು.

ಮಧ್ಯಾಹ್ನ ಮಗಳು ಪೆಟ್ಟಿಗೆ ಕೆದಕಿ, ಅಜ್ಜ ಟೀವಿಯಿಂದ ತಾವೇ ಇಳಿಸಿಕೊಂಡು ಮಾರ್ಕರ್ ಪೆನ್ನಿನಲ್ಲಿ ‘ಇಂಡಿಯಾ’ ಎಂದು ಬರೆದಿದ್ದ ಡಿಸ್ಕನ್ನೇ ಎತ್ತಿಕೊಂಡಳು. 2011ರ ಡಿಸೆಂಬರಿನಲ್ಲಿ ಬಂದ ಕಂತು ಅದು. ಮೂವರೂ ಮೂರು ಹಳೇ ಬ್ರಿಟಿಷ್ ಕಾರು ಹತ್ತಿ ಹಿಮಾಲಯದ ಕಡೆ ಹೊರಡುತ್ತಾರೆ. ಕ್ಲಾರ್ಕ್‌ಸನ್ನರ ಜಾಗ್ವಾರಿನ ಡಿಕ್ಕಿಯ ಮೇಲೆ ಒಂದು ಕಕ್ಕಸಿನ ಕಮೋಡು. ಭಾರತಕ್ಕೆ ಬಂದವರಿಗೆ ಹೊಟ್ಟೆ ಕೆಡುತ್ತದಲ್ಲ, ಅದಕ್ಕೆ. ಲಂಡನ್ನಿನ ನಮ್ಮ ಹೈಕಮಿಷನ್ ಆಗ ದೂರು ಕೊಟ್ಟಿತ್ತು. ಕಮೋಡು ಕಂಡರೆ ಯಾವ ಮಗುವಾದರೂ ನಗುತ್ತದೆ, ನನ್ನವಳೂ ಬಿದ್ದು ಬಿದ್ದು ನಕ್ಕಳು. ನನಗೂ ಒಂದೆರಡು ಕಡೆ ನಗು ತಡೆಯಲಿಲ್ಲ. ನಕ್ಕ ಮೇಲೆ ಬಾಯಿ ಒಗರಾಯಿತು.

“ಅಪ್ಪಾ, ಇವ್ರು ಫಾರ್ಮ್ ಅಂಕಲ್ ಅಲ್ವಾ? ಟ್ರ್ಯಾಕ್ಟರ್ ಓಡಿಸೋರು?”

ಅವಳ ಓರಗೆಯ ಮಕ್ಕಳಿಗೆ ಕ್ಲಾರ್ಕ್‌ಸನ್ ಎಂದರೆ ಈಚಿನ ಟೀವಿ ಸರಣಿಯಲ್ಲಿ ಆಕ್ಸ್‌ಫರ್ಡ್‌ಶೈರಿನಲ್ಲಿ ಬಾರ್ಲಿ ಬಿತ್ತಿ ಮಳೆಗೆ ಬೈಯುವ ರೈತ. ಹೌದು ಅವರೇ, ಮೊದಲು ಈ ಕೆಲಸದಲ್ಲಿದ್ದರು, ಆಮೇಲೆ ತೆಗೆದುಹಾಕಿದರು ಅಂದೆ. ತೆಗೆದುಹಾಕಿದರು ಅಂದ ಮೇಲೆ ಯಾಕೆ ಅಂತ ಹೇಳದೆ ಬಿಡುತ್ತಾಳೆಯೇ?

2015ರ ಮಾರ್ಚ್ ತಿಂಗಳು. ಉತ್ತರ ಯಾರ್ಕ್‌ಶೈರಿನಲ್ಲಿ ಚಿತ್ರೀಕರಣ ಮುಗಿಸಿ ಹೋಟೆಲಿಗೆ ಬರುವಾಗ ಹೊತ್ತಾಗಿತ್ತು, ಅಡುಗೆಯವರು ಹೋಗಿಯಾಗಿತ್ತು, ಬಿಸಿ ಊಟ ಇಲ್ಲ. ಅದಕ್ಕೆ ಕ್ಲಾರ್ಕ್‌ಸನ್ ಕಾರ್ಯಕ್ರಮದ ನಿರ್ಮಾಪಕರೊಬ್ಬರನ್ನು ಬಾಯಿಗೆ ಬಂದಂತೆ ಬೈದು, ಕೈಯನ್ನೂ ಮಾಡಿದರು. ಬಿಬಿಸಿ ಅವರನ್ನು ಅಮಾನತಿನಲ್ಲಿಟ್ಟಿತು. ಆಗ ಈ ದೇಶ ಕುದ್ದದ್ದನ್ನು ನೀವು ನೋಡಬೇಕಿತ್ತು. ಕ್ಲಾರ್ಕ್‌ಸನ್ನರನ್ನು ವಾಪಸ್ ಕರೆಸಿ ಎಂದು ಆನ್‌ಲೈನ್ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅದನ್ನು ಲಂಡನ್ನಿನ ಬಿಬಿಸಿ ಬಾಗಿಲಿಗೆ ಮಿಲಿಟರಿ ಟ್ಯಾಂಕಿನಲ್ಲಿ ಮೆರವಣಿಗೆ ಮಾಡಿ ಒಯ್ದರು. ಬಿಬಿಸಿ ಜಗ್ಗಲಿಲ್ಲ. ಇನ್ನೂರಕ್ಕೂ ಹೆಚ್ಚು ದೇಶ, ಸೀಮೆಗಳಿಗೆ ಮಾರಾಟವಾಗುತ್ತಿದ್ದ ಕಾರ್ಯಕ್ರಮದ ಮುಖವನ್ನೇ ಮಾರ್ಚ್ 25ಕ್ಕೆ ಕೈಬಿಟ್ಟಿತು. ಗೆಳೆಯನ ಹಿಂದೆ ಹ್ಯಾಮಂಡ್, ಮೇ ಇಬ್ಬರೂ ಎದ್ದು ನಡೆದರು.

ಮಗಳು ಎಲ್ಲ ಕೇಳಿಸಿಕೊಂಡಳು. ಟ್ಯಾಂಕಿನ ಬಗ್ಗೆ ಕೇಳುತ್ತಾಳೆ ಅಂದುಕೊಂಡೆ.

“ಹೊಡೆಸ್ಕೊಂಡ ಅಂಕಲ್ ಹೆಸರೇನಪ್ಪ?”

ನನಗೆ ಗೊತ್ತಿರಲಿಲ್ಲ.

“ಅವ್ರಿಗೆ ಊಟ ಸಿಕ್ತಾ? ಅವ್ರಿಗೂ ಹಸಿವಾಗಿತ್ತು ತಾನೆ?”

ಕ್ಲಾರ್ಕ್‌ಸನ್ ಎಷ್ಟು ಎತ್ತರ, ಮೇ ಎಷ್ಟು ನಿಧಾನ ಓಡಿಸುತ್ತಾರೆ, 2006ರಲ್ಲಿ ಹ್ಯಾಮಂಡ್ ಜೆಟ್ ಎಂಜಿನ್ನಿನ ಗಾಡಿ ಉರುಳಿಸಿಕೊಂಡಾಗ ವೇಗ ಎಷ್ಟಿತ್ತು (ಗಂಟೆಗೆ 288 ಮೈಲಿ) ಇವೆಲ್ಲ ನಾಲಿಗೆಯ ತುದಿಯಲ್ಲಿವೆ. ಆ ಮನುಷ್ಯನ ಹೆಸರನ್ನು ಮೊಬೈಲಿನಲ್ಲಿ ಹುಡುಕಬೇಕಾಯಿತು. ಓಷೀನ್ ಟೈಮನ್. ತುಟಿ ಒಡೆದು ರಕ್ತ ಬಂದಿತ್ತು, ತಾವೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರು. ದೂರು ಕೊಟ್ಟವರೂ ಅವರಲ್ಲ, ನಡೆದದ್ದನ್ನು ಬಿಬಿಸಿಗೆ ತಿಳಿಸಿದ್ದು ಸ್ವತಃ ಕ್ಲಾರ್ಕ್‌ಸನ್. ಆದರೂ ಅಭಿಮಾನಿಗಳು ಬೈಗುಳ ಬೆದರಿಕೆ ಕಳಿಸಿದ್ದು ಟೈಮನ್‌ಗೆ. ಮರುವರ್ಷ ಕ್ಲಾರ್ಕ್‌ಸನ್ ಕ್ಷಮೆ ಕೇಳಿ, ಪರಿಹಾರ ಕೊಟ್ಟು, ಕೇಸು ಮುಗಿಯಿತು.

ಮಗಳಿಗೆ ಹೇಳದೆ ಉಳಿಸಿದ್ದು ಒಂದಿದೆ. ಆ ಹತ್ತು ಲಕ್ಷ ಸಹಿಯಲ್ಲಿ ಒಂದು ನನ್ನದು. ಆಗ ಈ ದೇಶಕ್ಕೆ ಬಂದು ಎರಡು ವರ್ಷ. ಆಫೀಸಿನಲ್ಲಿ ಲಿಂಕ್ ಓಡಾಡುತ್ತಿತ್ತು, ಊಟದ ಹೊತ್ತಿಗೆ ಒತ್ತಿದೆ. ನಾನೂ ನಿಮ್ಮವನೇ ಎಂದು ತೋರಿಸಿಕೊಳ್ಳುವ ಆಸೆ ಒಂದು ಪಾಲು. ಉಳಿದದ್ದು ನಿಜವಾದ ಪ್ರೀತಿಯೇ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೇಬಲ್ ಟೀವಿಯಲ್ಲಿ ಆ ಮೂವರನ್ನು ನೋಡಿಯೇ ನನ್ನ ಕಿವಿಗೆ ಇಂಗ್ಲೆಂಡಿನ ಇಂಗ್ಲಿಷು ಹತ್ತಿದ್ದು. ಕಾರು ಬರೀ ನೆಪ. ಅಲ್ಲಿ ಇದ್ದದ್ದು ಮೂವರು ನಡುವಯಸ್ಕರ ಕಚ್ಚಾಟ, ನಮ್ಮ ಊರಿನ ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲಿನ ಹಾಗೆ.

ಅದನ್ನು ನೇಮಕ ಮಾಡಿ ತರಲಾದೀತೆ? ಬಿಬಿಸಿ ಪ್ರಯತ್ನಪಟ್ಟಿತು. 2016ರ ಮೇ ತಿಂಗಳಲ್ಲಿ ರೇಡಿಯೊದ ಕ್ರಿಸ್ ಇವಾನ್ಸ್, ‘ಫ್ರೆಂಡ್ಸ್’ ಧಾರಾವಾಹಿಯ ಜೋಯಿ, ಅಂದರೆ ಮ್ಯಾಟ್ ಲೆಬ್ಲಾಂಕ್, ಜೊತೆಗೆ ಇನ್ನೂ ನಾಲ್ವರು. ಮೂವರು ಬಿಟ್ಟ ಜಾಗಕ್ಕೆ ಆರು ಜನ! ಮೊದಲ ರಾತ್ರಿ 44 ಲಕ್ಷ ಮಂದಿ ನೋಡಿದರು, ಸರಣಿಯ ಕೊನೆಗೆ ಉಳಿದದ್ದು 19 ಲಕ್ಷ. ಇವಾನ್ಸ್ ಕಿರುಚುತ್ತಾರೆ ಎಂದು ಎಲ್ಲರೂ ಕಿರುಚಿದರು. ಕಾರಿನ ಹುಚ್ಚು ಅವರಿಗೆ ಯಾರಿಗಿಂತಲೂ ಕಡಿಮೆ ಇರಲಿಲ್ಲ, ಪಾಪ. ಜುಲೈ 4ಕ್ಕೆ ಕೈಲಾದಷ್ಟು ಮಾಡಿದೆ, ಸಾಲಲಿಲ್ಲ ಎನ್ನುವ ಅರ್ಥದ ಮಾತು ಹೇಳಿ ಹೊರಟರು. ಯಕ್ಷಗಾನ ಮೇಳದಿಂದ ಹೆಸರಾಂತ ಭಾಗವತರು ಬಿಟ್ಟುಹೋದ ವರ್ಷ ಹೊಸಬರು ಎಷ್ಟೇ ಚೆನ್ನಾಗಿ ಹಾಡಲಿ, ಚೌಕಿಯ ಹಿಂದೆ ಬೀಡಿ ಸೇದುವವರು “ಅವರ ಹಾಗೆ ಅಲ್ಲಪ್ಪ” ಅಂದೇ ಅನ್ನುತ್ತಾರಲ್ಲ, ಹಾಗೆ.

ಹಾಗೆಂದು ಯಾರೂ ಬೇರೂರಲೇ ಇಲ್ಲ ಎನ್ನುವಂತಿಲ್ಲ. 2019ರಲ್ಲಿ, ಆ ಆರು ಜನರಲ್ಲಿ ಒಬ್ಬರಾಗಿದ್ದ ಕ್ರಿಸ್ ಹ್ಯಾರಿಸ್ ಜೊತೆಗೆ ಪ್ಯಾಡಿ ಮೆಕ್‌ಗಿನೆಸ್, ಫ್ಲಿಂಟಾಫ್ ಬಂದರು. ಅದೇ ಇಂಗ್ಲೆಂಡಿನ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್, 2002ರಲ್ಲಿ ವಾಂಖೆಡೆಯಲ್ಲಿ ಅಂಗಿ ಬಿಚ್ಚಿ ಓಡಿದವರು, 2007ರಲ್ಲಿ ಯುವರಾಜನನ್ನು ಕೆಣಕಿ ಬ್ರಾಡ್ ಓವರಿನಲ್ಲಿ ಆರು ಸಿಕ್ಸರ್ ಹೊಡೆಸಿದವರು. ಈ ಮೂವರ ನಡುವೆ ಮತ್ತೆ ಆ ಕಟ್ಟೆಯ ಹರಟೆ ಹುಟ್ಟಿತು. ಜನ ಒಪ್ಪಿದರು, 2020ಕ್ಕೆ ಬಿಬಿಸಿ ಒಂದನೇ ಚಾನೆಲ್ಲಿಗೆ ಏರಿತು. 2022ರ ಡಿಸೆಂಬರ್ 13ರಂದು ಅದೇ ಡನ್ಸ್‌ಫೋಲ್ಡಿನಲ್ಲಿ ಮೇಲ್ಛಾವಣಿ ಇಲ್ಲದ ಮೂರು ಚಕ್ರದ ಮೋರ್ಗನ್ ಗಾಡಿ ಮಗುಚಿ ಫ್ಲಿಂಟಾಫರ ಮುಖ ಜಜ್ಜಿಹೋಯಿತು. 2023ರ ನವೆಂಬರಿನಲ್ಲಿ ಬಿಬಿಸಿ ಕಾರ್ಯಕ್ರಮಕ್ಕೆ ಸದ್ಯ ವಿಶ್ರಾಂತಿ ಎಂದಿತು. ಈ ಸಲ ಬದಲಿ ಜನರನ್ನು ಹುಡುಕಲಿಲ್ಲ.

ಮಗಳ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಪಾತ್ರೆ ತೊಳೆಯುವಾಗ ನೆನಪಾದದ್ದು ಬಿಬಿಸಿಯಲ್ಲ, ನಮ್ಮೂರಿನ ಬಸ್ಸು.

ಕೊಪ್ಪದಿಂದ ನಮ್ಮೂರಿಗೆ ದಿನಕ್ಕೆ ಎರಡು ಸಲ ಬರುತ್ತಿದ್ದ ಬಸ್ಸಿನ ಡ್ರೈವರಣ್ಣ ಎಂದರೆ ಊರಿಗೆ ಊರೇ ಜೀವ ಬಿಡುತ್ತಿತ್ತು. ಯಾರ ಮನೆಯ ದಣಪೆಯ ಹತ್ತಿರ ಯಾವ ಹಾರ್ನ್ ಹೊಡೆಯಬೇಕು, ಯಾವ ಅಜ್ಜಿ ಹತ್ತುವವರೆಗೆ ಎಷ್ಟು ಹೊತ್ತು ಕಾಯಬೇಕು ಅವನಿಗೆ ಗೊತ್ತು. ಪೇಟೆಯಿಂದ ಮದ್ದು ತರುತ್ತಿದ್ದ, ಚೌತಿಗೆ ಗಣಪತಿಯನ್ನು ಎಂಜಿನ್ನಿನ ಪಕ್ಕ ಕೂರಿಸಿಕೊಂಡು ಬರುತ್ತಿದ್ದ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಆಷಾಢದ ಸಂಜೆ, ಕೊನೆಯ ಸ್ಟಾಪಿನಲ್ಲಿ ಬಸ್ಸು ತಿರುಗಿಸಬೇಕಿತ್ತು. ಕ್ಲೀನರ್ ಹುಡುಗ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಹಿಂದೆ ನಿಂತು “ಬರ್ಲಿ, ಬರ್ಲಿ” ಅನ್ನುತ್ತಿದ್ದ. ಆಮೇಲೆ “ಹೋಲ್ಡಾನ್” ಅಂದಿದ್ದು ಒಳಗೆ ಕೂತ ನನಗೆ ಕೇಳಿಸಿತು. ಮಳೆಯ ಸದ್ದಿನಲ್ಲಿ ಮುಂದಿನವನಿಗೆ ಕೇಳಿಸಲಿಲ್ಲ. ಹಿಂದಿನ ಏಣಿ ಹಲಸಿನ ಮರಕ್ಕೆ ತಾಗಿ ಬಗ್ಗಿತು.

ಡ್ರೈವರಣ್ಣ ಇಳಿದು ಬಂದು ಏಣಿ ನೋಡಲಿಲ್ಲ. ನೇರ ಹುಡುಗನ ಕೆನ್ನೆಗೆ ಬಾರಿಸಿದ, ಎರಡು ಸಲ. ತುಟಿಯ ಮೂಲೆ ಕೆಂಪಾಯಿತು. ಹುಡುಗ ಕೆಳಗೆ ಬಿದ್ದ ಕೊಪ್ಪೆ ಎತ್ತಿ ತಲೆಗೆ ಹಾಕಿಕೊಂಡು, ಅದೇ ಬಗ್ಗಿದ ಏಣಿ ಹತ್ತಿ, ಟಾಪಿನಿಂದ ನಮ್ಮ ಬೆಲ್ಲದ ಡಬ್ಬ ಇಳಿಸಿಕೊಟ್ಟ. ಅಪ್ಪ ಅದನ್ನು ಇಸಿದುಕೊಂಡರು. ಯಾರೂ ಮಾತಾಡಲಿಲ್ಲ. ನನಗೆ ಕೇಳಿಸಿದ್ದನ್ನು ನಾನೂ ಹೇಳಲಿಲ್ಲ.

ಯಾರೋ ಮಾಲೀಕರಿಗೆ ಸುದ್ದಿ ಮುಟ್ಟಿಸಿದರು. ಡ್ರೈವರಣ್ಣನನ್ನು ಬೇರೆ ರೂಟಿಗೆ ಹಾಕಿದರು. ಬದಲಿಗೆ ಬಂದವನು ಬಯಲುಸೀಮೆಯ ಕಡೆಯವನು, ತಣ್ಣಗಿನ ಮನುಷ್ಯ, ತಿರುವಿನಲ್ಲಿ ಮಡಿಲ ಮೇಲಿನ ಮಜ್ಜಿಗೆಯೂ ತುಳುಕದ ಹಾಗೆ ಓಡಿಸುತ್ತಿದ್ದ. ಆದರೂ ಅವನ ಹಾರ್ನು ಸರಿಯಿಲ್ಲ ಎಂದಿತು ಊರು. ದೂರು ಕೊಟ್ಟವನು ಯಾರೆಂದು ಹುಡುಕಿತು. ಅಪ್ಪ ಒಳ್ಳೆಯ ಅಕ್ಷರದಲ್ಲಿ ಮನವಿ ಬರೆದರು, ನಲವತ್ತೆರಡು ಸಹಿ ಬಿತ್ತು, ದೊಡ್ಡವರ ಸಾಲಿನಲ್ಲಿ ನನಗೂ ಪೆನ್ನು ಕೊಟ್ಟರು. ಹದಿನೈದೇ ದಿನ. ಡ್ರೈವರಣ್ಣ ವಾಪಸ್ ಬಂದ, ಬಸ್ಸಿನ ಮುಂದೆ ಸಿಂಗಾರ ಕಟ್ಟಿದೆವು. ಹಿಂದೆ ನೇತಾಡಿಕೊಂಡು ಬಂದ ಕ್ಲೀನರ್ ಬೇರೆ ಹುಡುಗ.

ಇಲ್ಲಿ ಹತ್ತು ಲಕ್ಷ ಸಹಿಗೆ ಆಗದ್ದು ನಮ್ಮಲ್ಲಿ ನಲವತ್ತೆರಡಕ್ಕೆ ಆಯಿತು. ಇದನ್ನು ಊರಿನ ಮಮತೆ ಎಂದು ಎಷ್ಟೋ ಪಾರ್ಟಿಗಳಲ್ಲಿ ನಾನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಕೆನ್ನೆಯ ಭಾಗ ಬಿಟ್ಟು.

ಭಾನುವಾರ ಅಣ್ಣನಿಗೆ ಫೋನ್ ಮಾಡಿದೆ. ಡ್ರೈವರಣ್ಣನ ಸುದ್ದಿ ತೆಗೆದದ್ದೇ ತಡ, ಅರ್ಧ ಗಂಟೆ ಹೇಳಿದ. ತೀರಿಕೊಂಡು ಎಂಟು ವರ್ಷವಾಯಿತಂತೆ, ಹದಿಮೂರನೇ ದಿನಕ್ಕೆ ಊರಿನಿಂದ ಎರಡು ವ್ಯಾನು ಹೋಗಿದ್ದವಂತೆ.

“ಆ ಹುಡುಗನ ಹೆಸರೆಂತ, ನೆನಪುಂಟಾ?”

“ಯಾವ ಹುಡುಗ?”

“ಕ್ಲೀನರ್.”

“ಎಷ್ಟು ಕ್ಲೀನರ್ ಬಂದು ಹೋದರೇನ ಮಾರಾಯ. ತಡಿ, ಅಪ್ಪನ ಟ್ರಂಕಿನಲ್ಲಿ ಆ ಅರ್ಜಿಯ ಕಾರ್ಬನ್ ಕಾಪಿ ಇರ್ಬೇಕು. ಸಿಕ್ಕಿದ್ರೆ ಫೋಟೋ ಹಾಕ್ತೆ.”

ಸೋಮವಾರ ಬೆಳಗ್ಗೆ ಬಂತು. ಮಡಿಕೆಯ ಜಾಗದಲ್ಲಿ ನೀಲಿ ಹರಡಿದೆ, ಆದರೂ ಓದಬಹುದು. ‘ಸದರಿ ಕ್ಲೀನರನ ಅಜಾಗರೂಕತೆಯಿಂದ ಉಂಟಾದ ಸಣ್ಣ ಪ್ರಮಾದಕ್ಕೆ’ ಎಂದು ಶುರುವಾಗುತ್ತದೆ ಎರಡನೇ ವಾಕ್ಯ. ಹೆಸರಿಲ್ಲ. ಕೆಳಗೆ ಸಹಿಗಳು. ಅಪ್ಪನದರ ಪಕ್ಕದಲ್ಲೇ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ನನ್ನದು.

ಸ್ಕೂಲಿಗೆ ಹೊರಟ ಮಗಳು ಮೊಬೈಲಿನಲ್ಲಿ ಇಣುಕಿ, ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು.

“ಇದು ನಿಂದಾ ಅಪ್ಪ? ಎಷ್ಟ್ ಚೆನ್ನಾಗ್ ಬರ್ದಿದೀಯ!”