ಬಿಳಿ ಹಾಳೆಯ ಮೇಲೆ ಓಡಿದ್ದು

19 ಮಾರ್ಚ್ 2025, ಬುಧವಾರ
ಕೋಥ್ರೂಡ್, ಪುಣೆ

ಲ್ಯಾವೆಂಡರ್ ಒಣಗುತ್ತಿದೆ ಅಂತ 15 ದಿನದಿಂದ ನೀರು ಹಾಕುತ್ತಲೇ ಇದ್ದೆ. ಅದಕ್ಕೆ ಬಾಯಾರಿಕೆ ಆಗಿರಲೇ ಇಲ್ಲ ಅಂತ ಇವತ್ತು ಗೊತ್ತಾಯಿತು.

ಸಂಜೆ ಮೂರನೇ ಮಹಡಿಯ ಕಾಕಾ ಶೇಂಗಾ ಚಟ್ನಿಯ ಡಬ್ಬಿ ವಾಪಸ್ ಕೊಡಲು ಬಂದರು. ವಿಜಯಪುರದಲ್ಲಿ ದ್ರಾಕ್ಷಿ ತೋಟ ಮಾಡಿದವರು. ಚಹಾ ಹಿಡಿದು ಬಾಲ್ಕನಿಗೆ ಬಂದವರು ಕುಂಡದ ಮುಂದೆ ಕೂತೇಬಿಟ್ಟರು.

"ತಂಗಿ, ಇದು ನೀರಿನ ತ್ರಾಸ ಅಲ್ಲ. ಒಂದು ಬಿಳಿ ಹಾಳಿ ತಾ."

ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು ಬೆರಳಿನಿಂದ ನಾಲ್ಕು ಸಲ ತಟ್ಟಿದರು. ಧೂಳು ಬಿತ್ತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಧೂಳು ನಡೆಯಲು ಶುರುಮಾಡಿತು. ಅರ್ಧ ಮಿಲಿಮೀಟರ್ ಕೂಡ ಇಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ: ಹಳದಿ ಮೈ, ಎರಡೂ ಪಕ್ಕ ಒಂದೊಂದು ಕಪ್ಪು ಚುಕ್ಕೆ. ಜೇಡ ನುಸಿ. ಎಲೆಯ ಮೇಲಿನ ಬಿಳಿ ಚುಕ್ಕೆಗಳೆಲ್ಲ ಇವು ರಸ ಹೀರಿದ ಗುರುತು. ಕೊಂಬೆ ಕವಲೊಡೆಯುವ ಕಡೆ ಸಣ್ಣ ಬಲೆಯೂ ಇತ್ತು. ಲ್ಯಾವೆಂಡರ್ ಎಲೆಗೆ ಮೊದಲೇ ಬೂದಿ ಬಣ್ಣದ ರೋಮ ಇರುತ್ತದೆ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ.

"ಮೊದಲ ಏನರ ಹೊಡದಿದ್ದಿ ಏನು?"

ಹೊಡೆದಿದ್ದೆ. ಫೆಬ್ರವರಿಯಲ್ಲಿ ಚಿಗುರಿಗೆ ಹೇನು ಹತ್ತಿತ್ತು, ಹಸಿರು ಹೇನು. ಅಂಗಡಿಯವನು ಕೊಟ್ಟ ಕೀಟನಾಶಕ ತಂದು ಎರಡು ಸಲ ಚೆನ್ನಾಗಿ ಸಿಂಪಡಿಸಿದ್ದೆ. ಹೇನು ಹೋಯಿತು ಅಂತ ಖುಷಿಪಟ್ಟಿದ್ದೆ.

ಕಾಕಾ ಬೈಯಲಿಲ್ಲ. "ಹೇನೂ ಸತ್ತಾವ, ನುಸಿ ತಿನ್ನೋ ಹುಳಾನೂ ಸತ್ತಾವ. ನುಸಿ ಅಷ್ಟ ಉಳದಾವ" ಅಂದರು. ನುಸಿ ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಸಂಬಂಧಿ. ಕೀಟಕ್ಕೆ ಅಂತ ಮಾಡಿದ ಎಷ್ಟೋ ಔಷಧಿ ಅದಕ್ಕೆ ತಾಕುವುದೇ ಇಲ್ಲ. ಮೇಲೆ ಈ ಒಣ ಬಿಸಿಲು. ಇಂಥ ಸೆಕೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಅದಕ್ಕೆ ಒಂದು ವಾರ ಸಾಕು.

ತುಂಬಾ ಬೇಜಾರಾಯಿತು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನದಿಂದ ರಿಕ್ಷಾದಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದ ಗಿಡ ಇದು. ಇದಕ್ಕೆ ಜೇನುನೊಣ ಬರುತ್ತಿದ್ದವು. ಔಷಧಿ ಹೊಡೆದ ಮೇಲೆ ಒಂದನ್ನೂ ನೋಡಿಲ್ಲ. ಅದು ನನಗೆ ಹೊಳೆದದ್ದೂ ಇವತ್ತೇ.

ಕಾಕಾ ಹೋದ ಮೇಲೆ ಕುಂಡವನ್ನು ಗುಲಾಬಿ, ತುಳಸಿಯಿಂದ ದೂರ ಮಾಡಿ ಬಚ್ಚಲಿಗೆ ತಂದೆ. ಪೂರ್ತಿ ಒಣಗಿದ ಕೊಂಬೆ ಕತ್ತರಿಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಮಣ್ಣು ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿ, ಗಿಡ ಮಲಗಿಸಿ, ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹಾಯಿಸಿದೆ. ಬೇರಿಗೆ ಇನ್ನು ಸದ್ಯ ನೀರಿಲ್ಲ. ಲ್ಯಾವೆಂಡರ್ ಒಣಗಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಜಾಸ್ತಿ, ಅಲ್ವಾ?

ನಾಳೆ ಸಂಜೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿ, ಬೆರೆಯಲು ನಾಲ್ಕು ಹನಿ ಸೋಪಿನ ನೀರು. ಮೊದಲು ಒಂದೇ ಕೊಂಬೆಗೆ ಹೊಡೆದು ನೋಡಬೇಕು. ಬಿಸಿಲಲ್ಲಿ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ, ಮೊಟ್ಟೆಗಳು ಉಳಿಯುತ್ತವೆ. ಆರು ದಿನ ಬಿಟ್ಟು ಮತ್ತೆ, ಆಮೇಲೆ ಮತ್ತೊಮ್ಮೆ. ಆ ಮೂರನೆಯದು ಯುಗಾದಿ ಹೊತ್ತಿಗೆ ಬರುತ್ತದೆ. ಆಗ ನಾವು ಧಾರವಾಡದಲ್ಲಿ. ಅತ್ತೆಗೆ ಏನು ಹೇಳಲಿ?

ಇನ್ನೊಂದು ಬರೆಯಬೇಕು. ಆ ಹಾಳೆಯ ಮೇಲೆ ಎಲ್ಲವೂ ನಿಧಾನಕ್ಕೆ ತೆವಳುತ್ತಿದ್ದಾಗ ಒಂದು ಮಾತ್ರ ಸರ್ರನೆ ಓಡಿತು. ಉಜ್ಜಿ ಹಾಕಲು ಬೆರಳು ಎತ್ತಿದೆ. ಕಾಕಾ ಕೈ ಹಿಡಿದರು.

"ಅದನ್ನ ಬಿಡವ್ವ. ಸಾವಕಾಶ ಹರದಾಡೋವು ಗಿಡ ತಿನ್ನೋವು. ಹಿಂಗ ಓಡೋದು ಅವನ್ನ ತಿನ್ನೋದು."

ಹಾಳೆ ಓರೆ ಮಾಡಿ ಅದನ್ನು ಗಿಡಕ್ಕೇ ಬಿಟ್ಟರು. ನಾನು ಆಮೇಲೆ ಅದೇ ಗಿಡಕ್ಕೆ ಅಷ್ಟು ನೀರು ಹಾಯಿಸಿದೆ. ಇದ್ದಿದ್ದೇ ಒಂದು. ನಾಳೆ ಎಣ್ಣೆ ಹೊಡೆಯುವ ಮುಂಚೆ ಮತ್ತೆ ಹಾಳೆ ಹಿಡಿದು ನೋಡಬೇಕು, ಅದು ಸಿಕ್ಕರೆ